ಫ್ಲಾಂಡರ್ಸ್‌ನ ಹಳ್ಳಿ ಕಡೆಯ ಕೋಟೆಮನೆಗಳು: ಉಳಿದಿರುವ ಒಂದು ಭಾನುವಾರಕ್ಕೆ ಯಾವುದು?

ಜೂನ್ ಬಂತೆಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಬ್ರಸೆಲ್ಸ್ ಆಯ್ತು, ಬ್ರೂಜ್‌ನಲ್ಲಿ ದೋಣಿ ಆಯ್ತು, ಗೆಂಟ್ ಆಯ್ತು. ಇನ್ನೊಂದು ಭಾನುವಾರ ಉಳಿದಿದೆ. ಹಳ್ಳಿ ಕಡೆ ಒಳ್ಳೇ ಕ್ಯಾಸಲ್ ಇದ್ರೆ ಹೇಳಿ." ಲೂವೆನ್‌ಗೆ ಓದಲು ಬಂದವರು, ಬ್ರಸೆಲ್ಸ್‌ಗೆ ಕೆಲಸಕ್ಕೆ ಬಂದವರು ಅಂತ ನಮ್ಮವರು ಇಲ್ಲಿ, ಬೆಲ್ಜಿಯಂನ ಡಚ್ ಮಾತಾಡುವ ಭಾಗವಾದ ಫ್ಲಾಂಡರ್ಸ್ ಕಡೆ, ಸಾಕಷ್ಟು ಮಂದಿ ಇದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಈಗ ಒಂದೇ ಸಲಕ್ಕೆ ಬರೆದಿಡುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ಡಚ್ಚಿನಲ್ಲಿ 'ಕಾಸ್ಟೇಲ್' ಅಂದರೆ ಎಲ್ಲವೂ ಹೌದು. ಏಳು ನೂರು ವರ್ಷ ಹಳೆಯ ಯುದ್ಧದ ಕೋಟೆಯೂ ಕಾಸ್ಟೇಲ್. ಜಮೀನ್ದಾರರ ಬೇಸಿಗೆ ಬಂಗಲೆಯೂ ಕಾಸ್ಟೇಲ್. ನೂರೈವತ್ತು ವರ್ಷದ ಹಿಂದೆ ದುಡ್ಡಿದ್ದವರು ಎರಡು ಗೋಪುರ ಅಂಟಿಸಿ ಕಟ್ಟಿಸಿಕೊಂಡ ಮನೆಯೂ ಕಾಸ್ಟೇಲೇ. ನಮ್ಮಲ್ಲಾದರೆ ಕೋಟೆ ಬೇರೆ, ಅರಮನೆ ಬೇರೆ, ವಾಡೆ ಬೇರೆ. ಇಲ್ಲಿ ಬೋರ್ಡು ಓದಿದರೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಫೋನು ಮಾಡಿದವರಿಗೆ ನಾನೇ ತಿರುಗಿ ಕೇಳುತ್ತೇನೆ: ನಿಮಗೆ ಗೋಡೆ ಬೇಕಾ, ಮನೆ ಬೇಕಾ, ತೋಟ ಬೇಕಾ? ಮೂರೂ ಬೇಕು ಅನ್ನುವವರೇ ಜಾಸ್ತಿ. ಒಂದೇ ಕಡೆ ಮೂರೂ ಚೆನ್ನಾಗಿ ಸಿಗುವುದು ಕಷ್ಟ.

ಚಿತ್ರದುರ್ಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬರಬೇಡಿ. ಇಲ್ಲಿ ನೆಲ ಚಪ್ಪಟೆ. ಬೆಟ್ಟ ಇಲ್ಲ, ಬಂಡೆ ಇಲ್ಲ. ಶತ್ರುವನ್ನು ತಡೆಯಲು ಕೈಗೆ ಸಿಗುತ್ತಿದ್ದದ್ದು ನೀರು. ಅದಕ್ಕೇ ಹಳೇ ಕೋಟೆಗಳಲ್ಲಿ ಬಹಳಷ್ಟು ಕೆರೆಯಂಥ ಕಂದಕದ ನಡುವೆ ನಿಂತಿರುವ ಇಟ್ಟಿಗೆ ಕಟ್ಟಡಗಳು. ನಮ್ಮಮ್ಮ ಮೊದಲ ಸಲ ಇಂಥದ್ದನ್ನು ನೋಡಿದಾಗ ಕೇಳಿದ್ದು ರಾಜನ ಬಗ್ಗೆ ಅಲ್ಲ. "ಅಲ್ಲ, ಮನೆ ಸುತ್ತ ಇಷ್ಟು ನಿಂತ ನೀರಿದೆಯಲ್ಲ, ಸೊಳ್ಳೆ ಬರಲ್ವಾ?" ಬರುತ್ತವೆ. ಸಂಜೆಯಾದರೆ ಚೆನ್ನಾಗೇ ಬರುತ್ತವೆ.

ಕಲ್ಲಿನ ಕೋಟೆಯೇ ಬೇಕು ಅಂದರೆ ಗೆಂಟ್ ಊರಿನ ನಡುವಿರುವ ಗ್ರಾವನ್‌ಸ್ಟೇನ್ ಇದೆ. ಫ್ಲಾಂಡರ್ಸ್‌ನ ಕೌಂಟ್ (ಸೀಮೆಯ ಒಡೆಯ) ಫಿಲಿಪ್ 1180ರಲ್ಲಿ ಕಟ್ಟಿಸಿದ್ದು. ಆಮೇಲೆ ಅದು ನ್ಯಾಯಾಲಯವಾಯಿತು, ಜೈಲಾಯಿತು, ಹತ್ತಿ ಗಿರಣಿಯೂ ಆಯಿತು. 1949ರಲ್ಲಿ ಬಿಯರ್ ಬೆಲೆ ಏರಿತೆಂದು ಗೆಂಟ್‌ನ ವಿದ್ಯಾರ್ಥಿಗಳು ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡು ಪೊಲೀಸರ ಮೇಲೆ ಹಣ್ಣು ಎಸೆದಿದ್ದರು. ಮಕ್ಕಳಿದ್ದರೆ ಅದೇ ಸರಿ. ಆದರೆ ಅದು ಪೇಟೆ, ಹಳ್ಳಿ ಅಲ್ಲ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಮೊದಲು ವಾರ ನೋಡಿ, ಆಮೇಲೆ ಕೋಟೆ

ನಾನು ಬಂದ ಮೊದಲ ವರ್ಷ ಒಂದು ಮಂಗಳವಾರ ರಜೆ ಹಾಕಿದೆ. ಎರಡು ಬಸ್ ಬದಲಿಸಿ, ಕೊನೆಯ ಮೂರು ಕಿಲೋಮೀಟರ್ ತುಂತುರು ಮಳೆಯಲ್ಲಿ ನಡೆದು ಒಂದು ಕೋಟೆಮನೆಯ ಗೇಟು ಮುಟ್ಟಿದೆ. ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗ. ಪಕ್ಕದಲ್ಲಿ ಪುಟ್ಟ ಹಲಗೆ: 'ಖೆಸ್ಲೋಟನ್'. ಮುಚ್ಚಿದೆ ಅಂತ. ಬೇಲಿಯಾಚೆ ಒಂದು ಕುದುರೆ ಹುಲ್ಲು ಅಗಿಯುತ್ತಾ ನನ್ನನ್ನೇ ನೋಡುತ್ತಿತ್ತು. ಮುಂದಿನ ಬಸ್ಸಿಗೆ ಒಂದು ಗಂಟೆ ಇತ್ತು. ತಪ್ಪು ನನ್ನದೇ, ವೇಳೆ ನೋಡಿಕೊಂಡಿರಲಿಲ್ಲ.

ಇದು ಯಾಕೆ ಹೀಗೆ ಅಂದರೆ, ಇವುಗಳಲ್ಲಿ ಎಷ್ಟೋ ಇನ್ನೂ ಜನ ವಾಸ ಮಾಡುವ ಮನೆಗಳು. ಮೇಲಿನ ಮಹಡಿಯಲ್ಲಿ ಅವರ ಅಡುಗೆ ನಡೆಯುತ್ತಿರುತ್ತದೆ, ಕೆಳಗಿನ ಹಾಲನ್ನು ವಾರಕ್ಕೊಂದು ದಿನ ನಮಗೆ ತೋರಿಸುತ್ತಾರೆ. ಚಳಿಗಾಲದಲ್ಲಿ ಅದೂ ಇಲ್ಲ. ಹಾಗಾಗಿ ನಿಮ್ಮ ಹತ್ತಿರ ಇರುವುದು ಭಾನುವಾರವೋ ಬುಧವಾರವೋ, ಮೇ ತಿಂಗಳೋ ನವೆಂಬರೋ ಅನ್ನುವುದರ ಮೇಲೇ ಅರ್ಧ ಆಯ್ಕೆ ಮುಗಿದುಹೋಗುತ್ತದೆ. 'ಪ್ರಿವೇ' ಅಂತ ಹಲಗೆ ಕಂಡರೆ ಮುಂದೆ ಹೋಗಬೇಡಿ, ಖಾಸಗಿ ಜಾಗ. 'ಓಪನ್' ಅಂದರೆ ಡಚ್ಚಿನಲ್ಲೂ ಓಪನ್ನೇ, ಪುಣ್ಯ.

ಸೆಪ್ಟೆಂಬರ್‌ನ ಎರಡನೇ ಭಾನುವಾರ ಇಲ್ಲಿದ್ದರೆ ಅದೃಷ್ಟ. ಅವತ್ತು ಸ್ಮಾರಕಗಳ ದಿನ. ವರ್ಷವಿಡೀ ಬಾಗಿಲು ಹಾಕಿಕೊಂಡಿರುವ ಎಷ್ಟೋ ಮನೆಗಳನ್ನು ಅವತ್ತು ತೆರೆಯುತ್ತಾರೆ. ಹೆಚ್ಚಿನ ಕಡೆ ಟಿಕೆಟ್ಟೂ ಇಲ್ಲ.

ಬ್ರಸೆಲ್ಸ್ ಪಕ್ಕ: ಗಾಸ್‌ಬೇಕಾ, ಬೇರ್ಸೆಲ್ಲಾ?

ಒಂದೇ ಒಂದು ಹೇಳಿ ಅಂದರೆ ನಾನು ಹೇಳುವುದು ಗಾಸ್‌ಬೇಕ್. ಇಲ್ಲಿಯವರು ಗಂಟಲಿನಿಂದ 'ಖಾಸ್‌ಬೇಕ್' ಅನ್ನುತ್ತಾರೆ. ಬ್ರಸೆಲ್ಸ್‌ನಿಂದ ನೈರುತ್ಯಕ್ಕೆ ಹದಿನೈದು ಕಿಲೋಮೀಟರ್, ಬಸ್ ಇದೆ. ಪಾಯೊಟನ್‌ಲಾಂಡ್ ಅನ್ನುವ ಸೀಮೆ. ಸಣ್ಣ ಸಣ್ಣ ದಿಬ್ಬ, ಗೋಧಿ ಹೊಲ, ಸಾಲುಮರ. ಚಿತ್ರಕಾರ ಬ್ರೂಗೆಲ್ ಬರೆದ ಕುರುಡರ ಸಾಲಿನ ಚಿತ್ರ ನೋಡಿರಬಹುದು, ಒಬ್ಬನ ಹೆಗಲು ಹಿಡಿದು ಒಬ್ಬ ಹಳ್ಳಕ್ಕೆ ಬೀಳುವುದು. ಅದರ ಹಿಂದೆ ಕಾಣುವ ಚರ್ಚು ಇದೇ ಸೀಮೆಯ ಸಿಂಟ್ ಅನ್ನಾ ಪೇಡೆಯದ್ದು, ಇವತ್ತೂ ಅಲ್ಲೇ ಇದೆ. ಆ ಚಿತ್ರ 1568ರದ್ದು. ಆ ವರ್ಷವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಬ್ರಸೆಲ್ಸ್‌ನ ದೊಡ್ಡ ಚೌಕದ ಪಕ್ಕದಲ್ಲಿ ಮಲಗಿರುವ ಒಂದು ಹಿತ್ತಾಳೆ ಬಣ್ಣದ ಪ್ರತಿಮೆಯ ಕೈ ಸವರಿ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರಲ್ಲ? ನೀವೂ ಸವರಿದ್ದೀರಿ. ಆತ ಎವರಾರ್ಡ್ ಟ್‌ಸರ್ಕ್ಲಾಸ್, ಊರಿನ ಮುಖಂಡ. 1388ರಲ್ಲಿ ಗಾಸ್‌ಬೇಕ್ ಒಡೆಯನ ಕಡೆಯವರು ಅವನ ಮೇಲೆ ಬಿದ್ದು ಕೊಂದರು. ಸಿಟ್ಟಿಗೆದ್ದ ಬ್ರಸೆಲ್ಸ್ ಜನ ಬಂದು ಕೋಟೆಗೆ ಮುತ್ತಿಗೆ ಹಾಕಿ ನೆಲಸಮ ಮಾಡಿದರು. ಮುತ್ತಿಗೆಯ ಹೊತ್ತಿಗೆ ಬುತ್ತಿಗೆಂದು ಕೋಳಿ ಹೊತ್ತು ತಂದಿದ್ದರಂತೆ. ಬ್ರಸೆಲ್ಸ್‌ನವರಿಗೆ 'ಕೋಳಿಬಾಕರು' ಅಂತ ಅಡ್ಡಹೆಸರು ಬಂದದ್ದು ಅಲ್ಲಿಂದಲೇ ಅನ್ನುತ್ತಾರೆ. ಊರಿನಿಂದ ಬಂದವರಿಗೆ ಚೌಕದಲ್ಲಿ ಈ ಕತೆ ಅರ್ಧ ಹೇಳಿ, ಉಳಿದರ್ಧ ಗಾಸ್‌ಬೇಕ್ ಗೇಟಿನಲ್ಲಿ ಹೇಳಿದರೆ ದಿನ ಚೆನ್ನಾಗಿರುತ್ತದೆ.

ಮತ್ತೆ ಕಟ್ಟಿದ ಕೋಟೆಯನ್ನು 1565ರಲ್ಲಿ ಕೊಂಡವನು ಎಗ್ಮಾಂಟ್‌ನ ಕೌಂಟ್ ಲಾಮೊರಾಲ್. ಆಗ ಈ ನಾಡನ್ನೂ ಆಳುತ್ತಿದ್ದ ಸ್ಪೇನಿನ ದೊರೆಗಾಗಿ ಫ್ರೆಂಚರ ಮೇಲೆ ಎರಡು ದೊಡ್ಡ ಯುದ್ಧ ಗೆದ್ದುಕೊಟ್ಟ ವೀರ. ಅನುಭವಿಸಿದ್ದು ಮೂರೇ ವರ್ಷ. ಅದೇ ದೊರೆಯ ವಿರುದ್ಧ ಸಂಚು ಮಾಡಿದನೆಂದು 1568ರ ಜೂನ್ 5ರಂದು ಬ್ರಸೆಲ್ಸ್ ಚೌಕದಲ್ಲಿ ಅವನ ತಲೆ ತೆಗೆದರು. ಜೊತೆಗೆ ಹೋರ್ನ್‌ನ ಕೌಂಟ್‌ನ ತಲೆಯೂ ಹೋಯಿತು. ಅವನ ಕತೆಗೆ ಇನ್ನೊಂದು ಕೋಟೆ ಇದೆ, ಬರುತ್ತೇನೆ.

ಆದರೆ ಇವತ್ತು ಒಳಗೆ ಹೋದರೆ ಕಾಣುವುದು ಎಗ್ಮಾಂಟ್‌ನ ಕಾಲವಲ್ಲ, ಒಬ್ಬ ಹೆಂಗಸಿನ ಕನಸು. ಪ್ಯಾರಿಸ್‌ನ ಪತ್ರಕರ್ತನೊಬ್ಬನ ಮಗಳು ಮಾರಿ ಪೇರಾ, ದುಡ್ಡಿನ ಮನೆತನದ ಅರ್ಕೊನಾಟಿ ವಿಸ್ಕೊಂಟಿಯನ್ನು 1873ರಲ್ಲಿ ಮದುವೆಯಾದಳು. ಮೂರು ವರ್ಷದಲ್ಲಿ ಗಂಡ ಹೋದ. ಆಸ್ತಿ, ಕೋಟೆ ಎಲ್ಲ ಅವಳಿಗೆ ಬಂತು. ರಾಜಶಾಹಿ ಕಂಡರಾಗದ, ಗಣರಾಜ್ಯದ ಪಕ್ಷದ ಹೆಂಗಸು. ಅವಳೇ ಹಾಳುಬಿದ್ದ ಕೋಟೆಯನ್ನು 1887ರಿಂದ ಹತ್ತು ವರ್ಷ ದುಡ್ಡು ಸುರಿದು 'ಹಳೇ ಕಾಲದ ಥರ' ಮಾಡಿಸಿದಳು. ಹಳೇ ಕಾಲದ ಅರಮನೆಯ ಸೇವಕ ಹುಡುಗನ ವೇಷ ಹಾಕಿಕೊಂಡು ಓಡಾಡುವುದೆಂದರೆ ಅವಳಿಗೆ ಇಷ್ಟ. 1921ರಲ್ಲಿ ಎಲ್ಲವನ್ನೂ ಬೆಲ್ಜಿಯಂ ಸರ್ಕಾರಕ್ಕೆ ಕೊಟ್ಟುಬಿಟ್ಟಳು.

ಹಾಗಾದರೆ ಅದು ನಕಲಿ ಅಲ್ವಾ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸಿಲ್ಲ. ನಿಜವಾದ ಹಳೇ ಸಾಮಾನನ್ನು ಊರೂರಿನಿಂದ ಕೊಂಡು ತಂದು, ನಾಟಕದ ಸೀನಿನ ಹಾಗೆ ಜೋಡಿಸಿದ್ದಾಳೆ. ಗೋಡೆಗೆ ತೂಗುಬಿಟ್ಟ ನೇಯ್ಗೆಯ ಚಿತ್ರಗಳು, ಕೆತ್ತನೆಯ ಮಂಚಗಳು, ಬಣ್ಣದ ಗಾಜಿನ ಕಿಟಕಿ. ಕಿಟಕಿಯ ಹತ್ತಿರ ಹೋಗಿ ನೋಡಿ. ಗಾಜಿನ ಕೆಂಪು ನೀಲಿ ನೆಲದ ಮೇಲೆ ಬಿದ್ದು, ಮೋಡ ಸರಿದಾಗ ನಿಮ್ಮ ಕಾಲ ಮೇಲೆ ಹರಿದು ಹೋಗುತ್ತದೆ. ಕೆಲವು ವರ್ಷ ಮುಚ್ಚಿ ದುರಸ್ತಿ ಮಾಡಿ 2023ರಲ್ಲಿ ಮತ್ತೆ ತೆರೆದಿದ್ದಾರೆ. ಸುತ್ತ ಸುಮಾರು 50 ಹೆಕ್ಟೇರ್ ಪಾರ್ಕು. ಅದರಲ್ಲಿ ಹಿಂದಿನ ಒಡೆಯನೊಬ್ಬ ನೆಪೋಲಿಯನ್ ಮೇಲಿನ ಅಭಿಮಾನಕ್ಕೆ ಕಟ್ಟಿಸಿದ ವಿಜಯದ ಕಮಾನೊಂದು ಮರಗಳ ನಡುವೆ ಸುಮ್ನೆ ನಿಂತಿದೆ.

ಬೇರ್ಸೆಲ್ ಇದಕ್ಕೆ ಪೂರ್ತಿ ಉಲ್ಟಾ. ಮನೆ ಅಲ್ಲ, ಗೋಡೆ. 1300ರ ಆಸುಪಾಸಿನಲ್ಲಿ ಕಟ್ಟಿದ ಮೂರು ಗೋಪುರದ ಇಟ್ಟಿಗೆ ಕೋಟೆ, ಸುತ್ತ ನೀರು. ಹೊರಗಿನಿಂದ ನೋಡಿದರೆ ಗೋಪುರಗಳು ದುಂಡಗೆ. ಒಳಗಿನ ಅಂಗಳದಿಂದ ನೋಡಿದರೆ ಅದೇ ಗೋಪುರಗಳು ಚಪ್ಪಟೆ ಗೋಡೆ, ಮೇಲೆ ಮೆಟ್ಟಿಲು ಮೆಟ್ಟಿಲಾದ ತುದಿ. ಒಳಗೆ ಸಾಮಾನು ಅಂತ ಹೆಚ್ಚೇನಿಲ್ಲ. ಹತ್ತುವುದು, ಇಳಿಯುವುದು, ಬಾಣದ ಕಿಂಡಿಯಿಂದ ಇಣುಕುವುದು. ಹತ್ತು ವರ್ಷದ ಮಕ್ಕಳಿಗೆ ಇದಕ್ಕಿಂತ ಬೇಕಾ? ರೈಲಿಳಿದು ನಡೆದೇ ಹೋಗಬಹುದು, ಅದು ದೊಡ್ಡ ಅನುಕೂಲ. ಹೆದ್ದಾರಿಯ ಗುಂಯ್ ಸದ್ದು ಮಾತ್ರ ಬಿಡುವುದಿಲ್ಲ. ದುರಸ್ತಿಗೆಂದು ಒಳಗೆ ಬಿಡದೆ ಮುಚ್ಚುವುದುಂಟು, ಹಾಗಾಗಿ ವಿಚಾರಿಸಿಯೇ ಹೊರಡಿ.

ಅಪ್ಪ ಅಮ್ಮನ ಜೊತೆ ಗಾಸ್‌ಬೇಕ್, ಮಕ್ಕಳ ಜೊತೆ ಬೇರ್ಸೆಲ್. ಕಾರಿದ್ದರೆ ಎರಡೂ ಒಂದೇ ದಿನ ಆಗುತ್ತದೆ. ಏಪ್ರಿಲ್ ಕೊನೆಯಾದರೆ ನಡುವೆ ಹಾಲರ್‌ಬಾಸ್ ಕಾಡಿಗೂ ಹೋಗಿ, ನೆಲವೆಲ್ಲ ನೀಲಿ ಹೂವು. ಅವತ್ತು ಕಾರು ನಿಲ್ಲಿಸಲು ಜಾಗ ಸಿಕ್ಕರೆ ನನಗೂ ಹೇಳಿ.

ಗೆಂಟ್ ಪಕ್ಕ: ಓಯ್‌ಡಾಂಕ್, ಲಾರ್ನೆ

ಫೋಟೊದಲ್ಲಿ ಯಾವುದು ಚೆಂದ ಅಂದರೆ ಓಯ್‌ಡಾಂಕ್. ಲೇಯ ನದಿಯ ಬಳುಕಿನಲ್ಲಿ, ನೀರಿನ ನಡುವೆ, ಈರುಳ್ಳಿ ಆಕಾರದ ಗುಮ್ಮಟಗಳನ್ನು ಹೊತ್ತು ನಿಂತಿದೆ. ಬೀಚ್ ಮರಗಳ ಸಾಲಿನ ಕೊನೆಯಲ್ಲಿ ಅದು ಕಾಣಿಸುವ ಹೊತ್ತಿಗೆ ಎಲ್ಲರೂ ಒಂದು ಸಲ ಸುಮ್ಮನಾಗುತ್ತಾರೆ. ಇದು ಹೋರ್ನ್ ಕೌಂಟ್‌ನ ಮನೆತನದ ಆಸ್ತಿಯಾಗಿತ್ತು. ಅದೇ, ಎಗ್ಮಾಂಟ್‌ನ ಜೊತೆ ಅದೇ ದಿನ, ಅದೇ ಕಟ್ಟೆಯ ಮೇಲೆ ತಲೆ ಕೊಟ್ಟವನು. ಅವನು ಹೋಗಿ ಹತ್ತು ವರ್ಷಕ್ಕೆ ಗೆಂಟ್‌ನ ಕ್ಯಾಲ್ವಿನ್ ಪಂಥದ ಪ್ರಾಟೆಸ್ಟೆಂಟ್ ಕ್ರೈಸ್ತರು ಬಂದು ಕೋಟೆಗೆ ಬೆಂಕಿ ಇಟ್ಟರು. ಆಂಟ್‌ವರ್ಪ್‌ನ ವ್ಯಾಪಾರಿ ಮಾರ್ಟನ್ ಡೆಲಾ ಫಾಯ್ ಅದನ್ನು 1592ರಲ್ಲಿ ಕೊಂಡು, 1595ರಲ್ಲಿ ಎಬ್ಬಿಸಿ ನಿಲ್ಲಿಸಿದ. ಈಗ ಕಾಣುವ ಚೆಲುವು ಆ ವ್ಯಾಪಾರಿಯ ದುಡ್ಡಿನದ್ದು, ಯುದ್ಧ ಮಾಡಿದವರದ್ದಲ್ಲ.

1864ರಿಂದ ಒಂದೇ ಮನೆತನದ ಕೈಯಲ್ಲಿದೆ, ಈಗಲೂ ಅವರು ಅಲ್ಲೇ ಇದ್ದಾರೆ. ಹಾಗಾಗಿ ಒಳಗೆ ಬಿಡುವುದು ಸಾಮಾನ್ಯವಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವಿನ ಭಾನುವಾರ ಮತ್ತು ರಜಾ ದಿನಗಳ ಮಧ್ಯಾಹ್ನ ಮಾತ್ರ. ಜುಲೈ, ಆಗಸ್ಟ್‌ನಲ್ಲಿ ಶನಿವಾರವೂ ಉಂಟು. ಒಳಗಿನ ಕೋಣೆಗಳು ಹತ್ತೊಂಬತ್ತನೇ ಶತಮಾನದ ಸಿರಿವಂತರ ರುಚಿಯವು. ಚೆನ್ನಾಗಿವೆ, ಆದರೆ ಹೊರಗಿನ ನೋಟದಷ್ಟು ಹಿಡಿಯುವುದಿಲ್ಲ. ಬರುವ ದಾರಿಯೇ ಇಲ್ಲಿ ಅರ್ಧ ಸುಖ. ಗೆಂಟ್‌ನಿಂದ ಸೈಕಲ್ ತೆಗೆದುಕೊಂಡು ನದಿಯ ಪಕ್ಕ, ಹಿಂದೆ ಚಿತ್ರಕಾರರ ಗುಂಪೊಂದು ವಾಸವಾಗಿದ್ದ ಸಿಂಟ್ ಮಾರ್ಟನ್ಸ್ ಲಾಟೆಮ್ ಹಳ್ಳಿಯ ಮೇಲೆ ಬನ್ನಿ.

ಸೈಕಲ್ ದಾರಿಯ ಬಗ್ಗೆ ಎರಡು ಮಾತು. ಇಲ್ಲಿ ಕೂಡುದಾರಿಗಳಿಗೆಲ್ಲ ನಂಬರ್ ಇದೆ. ಮ್ಯಾಪು ಬೇಡ, ಯಾವ ಯಾವ ನಂಬರ್ ದಾಟಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಪ್ರತಿ ಕೂಡುದಾರಿಯಲ್ಲೂ ಮುಂದಿನ ನಂಬರಿಗೆ ಬಾಣದ ಗುರುತು ಇರುತ್ತದೆ. 1995ರಲ್ಲಿ ಲಿಂಬರ್ಗ್ ಜಿಲ್ಲೆಯಲ್ಲಿ ಶುರುವಾದದ್ದು, ಈಗ ಫ್ಲಾಂಡರ್ಸ್ ಪೂರ್ತಿ ಇದೆ. ನಾನು ಚೀಟಿ ಕಳೆದುಕೊಳ್ಳುತ್ತೇನೆಂದು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ. ಮಳೆ ಬಂದರೆ ಕತೆ ಮುಗಿಯಿತು.

ಗೆಂಟ್‌ನ ಇನ್ನೊಂದು ಕಡೆಗಿರುವ ಲಾರ್ನೆ ಹೆಚ್ಚು ಗಟ್ಟಿಮುಟ್ಟು, ಹೆಚ್ಚು ಕೋಟೆ. 1953ರಲ್ಲಿ ಅದರ ಒಡೆಯರು ಐತಿಹಾಸಿಕ ಮನೆಗಳ ಸಂಘಕ್ಕೆ ದಾನ ಕೊಟ್ಟರು. ಒಳಗೆ ಬೆಳ್ಳಿ ಸಾಮಾನಿನ ಸಂಗ್ರಹ ಇದೆ. ಬೆಳ್ಳಿ ಅಂದರೆ ನಮ್ಮಮ್ಮಂದಿರಿಗೆ ಕಣ್ಣು ಬೇರೆಯೇ ಆಗುತ್ತದಲ್ಲ, ಅಂಥವರಿಗೆ ಒಳ್ಳೇದು. ಆದರೆ ಎರಡರಲ್ಲಿ ಒಂದು ಅಂದರೆ ನಾನು ಯೋಚನೆಯೇ ಮಾಡದೆ ಓಯ್‌ಡಾಂಕ್ ಅನ್ನುತ್ತೇನೆ.

ಬ್ರೂಜ್ ಕಡೆ: ಅಪ್ಪನ ಕೋಟೆ, ಮಗನ ಕೋಟೆ

ಬ್ರೂಜ್‌ನ ದಕ್ಷಿಣಕ್ಕೆ ಲೋಪೆಮ್, ಅಲ್ಲಿಂದ ಇನ್ನೂ ಸ್ವಲ್ಪ ಕೆಳಗೆ ಟೋರ್‌ಹೌಟ್ ಹತ್ತಿರ ವೈನನ್‌ಡಾಲೆ. ಇತಿಹಾಸದ ಹುಚ್ಚಿರುವವರಿಗೆ ಮಾತ್ರ ಇವನ್ನು ಹೇಳುತ್ತೇನೆ.

ಲೋಪೆಮ್ ನೋಡಲು ಹಳೇದು, ಆದರೆ ಕಟ್ಟಿದ್ದು 1860ರ ಹೊತ್ತಿಗೆ. ಗಾಥಿಕ್ ಶೈಲಿ ಮತ್ತೆ ಬರಲಿ ಅಂತ ಹಂಬಲಿಸಿದ ಪ್ಯೂಜಿನ್ ಮನೆತನದ ಇಂಗ್ಲಿಷ್ ವಾಸ್ತುಶಿಲ್ಪಿ, ಬೆಲ್ಜಿಯಂನ ಬೆಥ್ಯೂನ್ ಇಬ್ಬರ ಕೆಲಸ. ಮೊದಲ ಮಹಾಯುದ್ಧ ಮುಗಿಯುತ್ತಿದ್ದ ಹಾಗೆ ದೊರೆ ಒಂದನೇ ಆಲ್ಬರ್ಟ್ ಇಲ್ಲಿ ಬಿಡಾರ ಹೂಡಿದ್ದ. 1918ರ ನವೆಂಬರ್‌ನಲ್ಲಿ ರಾಜಕೀಯದವರನ್ನು ಇಲ್ಲಿಗೇ ಕರೆಸಿ ಮಾತಾಡಿದ. ಅದರಿಂದ ಗಂಡಸರಿಗೆಲ್ಲ ಒಬ್ಬರಿಗೆ ಒಂದು ವೋಟು ಬಂತು. ಅದುವರೆಗೆ ಆಸ್ತಿವಂತರಿಗೂ ಓದಿದವರಿಗೂ ಎರಡು ಮೂರು ವೋಟು ಇರುತ್ತಿತ್ತು. ಹೆಂಗಸರಿಗೆಲ್ಲ ಪಾರ್ಲಿಮೆಂಟಿನ ವೋಟು ಸಿಗಲು 1948 ಆಗಬೇಕಾಯಿತು, ಅದು ಬೇರೆ ಮಾತು. ತೋಟದಲ್ಲಿ ಬೇಲಿಗಿಡದ ಚಕ್ರವ್ಯೂಹ ಇದೆ, ಮಕ್ಕಳು ಅಲ್ಲೇ ಇದ್ದುಬಿಡುತ್ತಾರೆ.

ಆಲ್ಬರ್ಟ್‌ನ ಮಗ ಮೂರನೇ ಲಿಯೊಪೋಲ್ಡ್. 1940ರ ಮೇ 25ರಂದು ವೈನನ್‌ಡಾಲೆಯಲ್ಲಿ ಅವನ ಮಂತ್ರಿಗಳು, "ನಮ್ಮ ಜೊತೆ ಹೊರದೇಶಕ್ಕೆ ಬನ್ನಿ" ಅಂತ ಬೇಡಿಕೊಂಡರು. ಅವನು ಒಪ್ಪಲಿಲ್ಲ. ಮೂರು ದಿನದಲ್ಲಿ ಸೈನ್ಯ ಜರ್ಮನ್ನರಿಗೆ ಶರಣಾಯಿತು. ಯುದ್ಧ ಮುಗಿದ ಮೇಲೆ ಇದೇ ಜಗಳ ಬೆಳೆದು 1951ರಲ್ಲಿ ಅವನು ಪಟ್ಟ ಬಿಡಬೇಕಾಯಿತು. ಅಪ್ಪನ ಹೆಸರು ಬೆಳಗಿಸಿದ ಮನೆಗೂ ಮಗನ ಹೆಸರು ಕೆಡಿಸಿದ ಮನೆಗೂ ನಡುವೆ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ.

ವೈನನ್‌ಡಾಲೆಗೆ ಇನ್ನೂ ಹಳೇ ಕತೆಯೊಂದಿದೆ. 1482ರಲ್ಲಿ, ಆಗ ಈ ನಾಡನ್ನು ಆಳುತ್ತಿದ್ದ ಬರ್ಗಂಡಿಯ ಮೇರಿ ಇಲ್ಲಿಯ ಕಾಡಿನಲ್ಲಿ ಗಿಡುಗ ಬಿಟ್ಟು ಬೇಟೆಯಾಡುವಾಗ ಕುದುರೆಯಿಂದ ಬಿದ್ದಳು. ಬ್ರೂಜ್‌ನಲ್ಲಿ ತೀರಿಕೊಂಡಾಗ 25 ವರ್ಷ. ಅಧಿಕಾರ ಗಂಡ ಮ್ಯಾಕ್ಸಿಮಿಲಿಯನ್‌ನ ಕೈಗೆ ಹೋಯಿತು. ಊರುಗಳೆಲ್ಲ ಅವನ ವಿರುದ್ಧ ಎದ್ದವು. 1489ರಲ್ಲಿ ಬ್ರಸೆಲ್ಸ್ ಜನ ಬೇರ್ಸೆಲ್ ಕೋಟೆ ಒಡೆದದ್ದು ಅದೇ ಗಲಾಟೆಯಲ್ಲಿ, ಅಲ್ಲಿಯ ಒಡೆಯ ಮ್ಯಾಕ್ಸಿಮಿಲಿಯನ್ ಕಡೆಯವನು ಅಂತ. ಎಗ್ಮಾಂಟ್, ಹೋರ್ನ್ ಇಬ್ಬರ ತಲೆ ತೆಗೆಸಿದ ಸ್ಪೇನಿನ ಎರಡನೇ ಫಿಲಿಪ್ ಇದೇ ಮೇರಿಯ ಮರಿಮಗ. ಒಂದು ಕುದುರೆ ಎಡವಿದ್ದಕ್ಕೆ ಇಷ್ಟೆಲ್ಲ.

ವೈನನ್‌ಡಾಲೆ ನೋಡಲು ಅಷ್ಟೇನೂ ಇಲ್ಲ, ನಿಜ ಹೇಳಬೇಕೆಂದರೆ. ಕತೆ ಗೊತ್ತಿಲ್ಲದೆ ಹೋದರೆ ಬೇಜಾರಾಗುತ್ತದೆ.

ದೂರದ್ದು, ಅಪರೂಪದ್ದು

ಪೂರ್ವಕ್ಕೆ ಲಿಂಬರ್ಗ್‌ನಲ್ಲಿ ಆಲ್ಡನ್ ಬೀಸನ್ ಇದೆ. 1220ರಲ್ಲಿ ಟ್ಯೂಟಾನಿಕ್ ಪಂಥದ ಧರ್ಮಯೋಧರು ನೆಲೆಯೂರಿದ ಜಾಗ. ಗಾತ್ರದಲ್ಲಿ ಇದರ ಮುಂದೆ ಉಳಿದವು ಸಣ್ಣವು. ನೀರಿನ ನಡುವಿನ ಕೋಟೆ, ಎರಡು ದೊಡ್ಡ ಹೊರಾಂಗಣ, ಚರ್ಚು, ಕಣಜ, ತೋಟ. 1971ರ ಮಾರ್ಚ್‌ನಲ್ಲಿ ಬೆಂಕಿ ಬಿದ್ದು ಮುಖ್ಯ ಕಟ್ಟಡ ಸುಟ್ಟುಹೋಯಿತು. ಅದೇ ವರ್ಷ ಸರ್ಕಾರ ಕೊಂಡು ಮತ್ತೆ ಕಟ್ಟಿತು. ಈಗ ಸಭೆ, ಸಂಗೀತ, ಕತೆ ಹೇಳುವ ಉತ್ಸವ ನಡೆಯುವ ಕೇಂದ್ರ. ಅಂಗಳ, ಪಾರ್ಕು ಸುತ್ತಲು ದುಡ್ಡು ಕೊಡಬೇಕಿಲ್ಲ. ಒಳಗೆ ಮನೆಯ ಬೆಚ್ಚಗೆ ಇಲ್ಲ, ಅದು ನನ್ನ ತಕರಾರು. ಏಪ್ರಿಲ್‌ನಲ್ಲಿ ಸುತ್ತಲಿನ ಸೇಬು, ಪೇರು ತೋಟಗಳು ಹೂ ಬಿಟ್ಟಾಗ ಹೋದರೆ ತಕರಾರು ಮರೆತುಹೋಗುತ್ತದೆ. ಅದೇ ಕಡೆಗಿರುವ ಹೆಕ್ಸ್, ಲಿಯೇಜ್‌ನ ಬಿಷಪ್ ದೊರೆಯೊಬ್ಬ ಕಟ್ಟಿಸಿದ ಮನೆ. ಹಳೇ ಗುಲಾಬಿ ತಳಿಗಳಿಗೆ ಹೆಸರುವಾಸಿ. ಆದರೆ ತೋಟದ ಉತ್ಸವ ಅಂತ ಜೂನ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ತೆರೆಯುತ್ತಾರೆ ಅಷ್ಟೇ.

ಬಟ್ಟೆಯ ಮೇಲೆ ಕಣ್ಣಿರುವವರಿಗೆ ಹಿಂಗೆನೆ ಹಳ್ಳಿಯ ಡೂರ್ಸೆಲ್ ಮನೆ. ಡ್ಯೂಕ್‌ಗಳ ಬೇಸಿಗೆ ಮನೆಯಾಗಿತ್ತು, 1994ರಿಂದ ಆಂಟ್‌ವರ್ಪ್ ಜಿಲ್ಲಾಡಳಿತದ್ದು. ಇಲ್ಲಿ ಪೀಠೋಪಕರಣಕ್ಕಿಂತ ಗೋಡೆಗಳೇ ಮುಖ್ಯ. ಚೀನಾದಲ್ಲಿ ಕೈಯಲ್ಲೇ ಬಿಡಿಸಿದ ಚಿತ್ರಗಾಗದ, ಬಳ್ಳಿ ಹೂವಿನ ಅಚ್ಚು ಹಾಕಿದ ಹತ್ತಿ ಬಟ್ಟೆ. ಇಂಥ ಬಟ್ಟೆಗೆ ಡಚ್ಚಿನಲ್ಲಿ 'ಸಿಟ್ಸ್' ಅನ್ನುತ್ತಾರೆ. ಕೋರಮಂಡಲ ತೀರದಿಂದ ಹಡಗಿನಲ್ಲಿ ಬಂದ ಬಟ್ಟೆಯ ಜೊತೆ ಬಂದ ಪದ. ನಮ್ಮಜ್ಜಿ ಲಂಗಕ್ಕೆ ಹೊಲಿಸುತ್ತಿದ್ದ ಚೀಟಿ ಬಟ್ಟೆಯ 'ಚೀಟಿ'ಯೂ ಅದೇ ಬಳ್ಳಿಯದ್ದು. ಯುರೋಪಿನವರು ಆ ಬಟ್ಟೆಗೆ ಮರುಳಾಗಿ, ಆಮೇಲೆ ತಾವೇ ಅದರ ನಕಲು ಅಚ್ಚು ಹಾಕಲು ಕಲಿತರು. ಮನೆ ನೋಡಿ ಮುಗಿದ ಮೇಲೆ ಸ್ಕೆಲ್ಟ್ ನದಿಯ ದಂಡೆಗೆ ನಡೆಯಿರಿ. ಅಲ್ಲಿ ಅದೇ ಮನೆತನದವರು ನದಿ ನೋಡಲೆಂದೇ ಕಟ್ಟಿಸಿದ 'ನೋಟೆಲಾರ್' ಅನ್ನುವ ಪುಟ್ಟ ಮಂಟಪಮನೆ ಇದೆ.

ಹೊಟ್ಟೆಯ ವಿಷಯ

ಸಸ್ಯಾಹಾರಿಗಳಿದ್ದರೆ ಒಂದು ಎಚ್ಚರಿಕೆ. ಹಳ್ಳಿಯ ಫ್ರೀಟ್ ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯಲು ದನದ ಕೊಬ್ಬು ಬಳಸುವುದು ಹಳೇ ರೂಢಿ, ಇವತ್ತೂ ಎಷ್ಟೋ ಕಡೆ ಇದೆ. ಕೇಳಿಕೊಂಡೇ ತಿನ್ನಿ. ಗಾಸ್‌ಬೇಕ್ ಕಡೆ ಹೋದರೆ 'ಪ್ಲಾಟೆಕಾಸ್' ಕೇಳಿ. ದಪ್ಪ ಬ್ರೆಡ್ ಮೇಲೆ ಬೆಣ್ಣೆಯಂಥ ಹಸಿ ಗಿಣ್ಣು, ಮೇಲೆ ತೆಳ್ಳಗೆ ಹೆಚ್ಚಿದ ಕೆಂಪು ಮೂಲಂಗಿ, ಈರುಳ್ಳಿ ಸೊಪ್ಪು. ನಮ್ಮಮ್ಮ ಒಂದು ತುತ್ತು ತಿಂದು, "ಬಟ್ಟೇಲಿ ಕಟ್ಟಿ ನೀರು ಬಸಿದ ಮೊಸರು" ಅಂದರು. ಎರಡನೇ ತುಂಡಿಗೆ ಚೀಲದಿಂದ ಚಟ್ನಿಪುಡಿ ಹೊರಗೆ ಬಂತು. ಪಕ್ಕದ ಮೇಜಿನ ಅಜ್ಜ ಅದನ್ನೇ ನೋಡುತ್ತಿದ್ದರು, ಅವರಿಗೂ ಚೂರು ಕೊಟ್ಟೆವು. ಆ ಸೀಮೆಯಲ್ಲಿ ಎಲ್ಲರೂ ಇದರ ಜೊತೆ ಕುಡಿಯುವುದು ಗೋಜಾ ಅನ್ನುವ ಹುಳಿ ಬಿಯರ್. ಮೊದಲ ಗುಟುಕಿಗೆ ಮುಖ ಕಿವುಚುತ್ತದೆ.

ಭಾನುವಾರ ಹಳ್ಳಿ ಬಸ್ ಕಡಿಮೆ. ಹೋಗುವ ಬಸ್ಸಿಗಿಂತ ಬರುವ ಬಸ್ಸಿನ ವೇಳೆ ಮೊದಲು ನೋಡಿ.

ಮಂಡಿ ನೋವಿದ್ದರೆ

ಇದನ್ನು ಮೊದಲೇ ಕೇಳಬೇಕಿತ್ತು ನಾನು. ಹಳೇ ಕೋಟೆಗಳೆಂದರೆ ಸುರುಳಿ ಮೆಟ್ಟಿಲು, ಲಿಫ್ಟ್ ಎಲ್ಲ ಕಡೆ ಇರುವುದಿಲ್ಲ. ಮಂಡಿ ನೋವಿರುವವರ ಜೊತೆ ತೋಟವೇ ಲೇಸು.

ಏಪ್ರಿಲ್ ಆದರೆ ಬ್ರಸೆಲ್ಸ್ ಪಕ್ಕದ ಗ್ರೋಟ್ ಬೈಗಾರ್ಡನ್. ಹೂವಿನ ಮೇಳ ನಡೆಯುತ್ತದೆ, ಕೈಯಲ್ಲೇ ನೆಟ್ಟ ಹತ್ತು ಲಕ್ಷಕ್ಕೂ ಹೆಚ್ಚು ಗೆಡ್ಡೆಗಳು. ಟ್ಯೂಲಿಪ್, ಹಯಸಿಂತ್, ಡ್ಯಾಫೋಡಿಲ್. ಹಿಂದೆ ನೀರು, ಸೇತುವೆ, ಕೋಟೆ. ಕೋಟೆಯ ಒಳಗೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ. ಟಿಕೆಟ್ಟು ಹೂವಿಗೆ.

ಉಳಿದ ತಿಂಗಳಿಗೆಲ್ಲ ನನ್ನ ಉತ್ತರ ಮೈಸೆ. ಬರೆಯುವ ರೀತಿ ನೋಡಿ ನಮ್ಮವರು 'ಮೀಸೆ' ಅಂತಲೇ ಓದುತ್ತಾರೆ. ಮೀಸೆ ತೋಟಕ್ಕೆ ಹೋಗೋಣ ಅಂದರೆ ಮನೆಯಲ್ಲಿ ನಗು. ದೇಶದ ದೊಡ್ಡ ಸಸ್ಯೋದ್ಯಾನ ಅದು, 92 ಹೆಕ್ಟೇರ್, ಒಳಗೆ ಬೌಖೌಟ್ ಕೋಟೆ. ಬೆಲ್ಜಿಯಂ ದೊರೆಯ ಮಗಳು ಶಾರ್ಲೊಟ್ ಗಂಡನ ಜೊತೆ ಮೆಕ್ಸಿಕೊಗೆ ಚಕ್ರವರ್ತಿನಿಯಾಗಿ ಹೋದಳು. 1867ರಲ್ಲಿ ಅಲ್ಲಿಯ ಜನ ಗಂಡನನ್ನು ಗುಂಡಿಟ್ಟು ಕೊಂದರು. ಅಷ್ಟರಲ್ಲಾಗಲೇ ಸಹಾಯ ಬೇಡಲು ಯುರೋಪಿಗೆ ಬಂದಿದ್ದ ಅವಳ ಮನಸ್ಸು ಕದಡಿತ್ತು. 1879ರಿಂದ 1927ರಲ್ಲಿ ಸಾಯುವವರೆಗೆ, ನಲವತ್ತೆಂಟು ವರ್ಷ, ಈ ಕೋಟೆಯಲ್ಲಿ ಕಳೆದಳು. ಅವಳ ಕಾಲದ ಸಾಮಾನು ಹುಡುಕಿಕೊಂಡು ಒಳಗೆ ಹೋಗಬೇಡಿ. ಕೊಳದ ಈಚೆ ದಂಡೆಯಲ್ಲಿ ಬೆಂಚಿದೆ, ಅಲ್ಲಿ ಕೂತು ಆ ಕಿಟಕಿಗಳನ್ನು ನೋಡಿದರೆ ಸಾಕು.

ಅಲ್ಲಿಂದ ಗಾಜಿನ ಮನೆಗಳಿಗೆ ಹೋದೆವು. ಹೊರಗೆ ಹದಿನಾಲ್ಕು ಡಿಗ್ರಿ, ಒಳಗೆ ಕಾಲಿಟ್ಟ ಕೂಡಲೇ ಅಮ್ಮ ಸ್ವೆಟರ್ ಬಿಚ್ಚಿದರು. ಮೂಡಿಗೆರೆಯ ಮಳೆಗಾಲದ ಬೆವರಿನ ವಾಸನೆ. ಮೈಸೆಯವರು ಕಾಫಿ ತಳಿಗಳ ಮೇಲೆ ಎಷ್ಟೋ ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಅಲ್ಲೊಂದು ಕಾಫಿ ಗಿಡ, ಬುಡದಲ್ಲಿ ಲ್ಯಾಟಿನ್ ಹೆಸರಿನ ಹಲಗೆ. ನಾಲ್ಕಾರು ಜನ ಫೋಟೊ ತೆಗೆಯುತ್ತಿದ್ದರು. ಅಮ್ಮ ಹಲಗೆಯ ಕಡೆ ನೋಡಲೇ ಇಲ್ಲ. ರೆಂಬೆಯೊಂದನ್ನು ಎರಡು ಬೆರಳಿನಲ್ಲಿ ಬಗ್ಗಿಸಿ, ಎಲೆ ತಿರುಗಿಸಿ ನೋಡಿ, ಗಿಡದ ಬುಡಕ್ಕೆ ಬಗ್ಗಿದರು. "ಚಿಗುರೇ ತೆಗೆದಿಲ್ಲ ನೋಡು" ಅಂದರು.